ಎಪ್ಪತ್ತು ದಿನದ ಹಿಂದಿನ ಅಂಚೆ

ಬೆಳಿಗ್ಗೆ ಏಳಕ್ಕೆ ಗಾಜಿನ ಮೇಲೆ ಒಂದು ಹನಿ.
ಅಡಿಯಲ್ಲಿ ಬಾಣಂತಿಕೋಣೆಯಷ್ಟೇ ಹದವಾದ ಕಾವು.
ಕಣ್ಣಿಟ್ಟೆ.
ಕಾರಮೋಡದ ಹಾಗೆ ಸುತ್ತಿ ಉರುಳಬೇಕಿತ್ತು ಒಳಗೆಲ್ಲ;
ಬರೀ ನಡುಗಾಟ.
ಅಲ್ಲೊಂದು ಇಲ್ಲೊಂದು ವೀರ್ಯಾಣು ಬಾಲ ಮುದುರಿ
ತನ್ನ ಸುತ್ತ ತಾನೇ ತಿರುಗುತ್ತಿದೆ,
ಗಾಣ ಬಿಚ್ಚಿದರೂ ತಿರುಗುವ ಎತ್ತಿನಂತೆ.
ದಾಖಲೆ ಪುಸ್ತಕದಲ್ಲಿ ತಮಿಳಿನಲ್ಲಿ ಬರೆದೆ:
ಹೋರಿ ಹದಿನಾಲ್ಕು. ಚಲನೆ ಮೂವತ್ತು. ಚೆಲ್ಲುವುದು.

ಹದಿನಾಲ್ಕರ ಒಡೆಯ ಬಾಗಿಲಲ್ಲೇ ಕುಂತಿದ್ದ,
ಬರಗೂರು ಬೆಟ್ಟದಿಂದ ಮೊದಲ ಬಸ್ಸಿಗೆ ಇಳಿದು ಬಂದವನು, ಜಡಯ್ಯ.
ತೊಡೆಯ ಮೇಲೆ ಬುತ್ತಿ, ಕಾಲಲ್ಲಿ ಕಾಡಿನ ಕೆಮ್ಮಣ್ಣು.
"ಏನವ್ವಾ, ನನ್ನ ಮಚ್ಚೆಗಾರ ಕೆಟ್ಟೋದ್ನಾ?"
"ಕೆಟ್ಟಿಲ್ಲಯ್ಯ. ಈ ಹನಿ ಇವತ್ತಿನದಲ್ಲ."

ಹೇಗೆ ಹೇಳುವುದು ಇದನ್ನು, ತಾಳವಾಡಿಯ ನಾನು,
ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು?
ಒಂದು ವೀರ್ಯಾಣು ಕಡೆದು ಮುಗಿಸಲು
ಒಳಗಿನ ಕುಲುಮೆಗೆ ಅರವತ್ತು ದಿನ ಬೇಕು,
ಸುರುಳಿ ಓಣಿಯಲ್ಲಿ ನಡೆದು ಈಜು ಕಲಿಯಲು ಮತ್ತೂ ಹತ್ತು.
ಮಿದುಳಿನ ಬುಡದಿಂದ ಹೊರಟ ಓಲೆ
ನೆತ್ತರಲ್ಲಿ ತೇಲಿ ಬಂದು ಕದ ತಟ್ಟಬೇಕು,
ಆಗ ಟೆಸ್ಟೋಸ್ಟೆರಾನ್ ತಿದಿ ಒತ್ತುತ್ತದೆ.
ಇನ್ನೊಂದು ಓಲೆಯೂ ಉಂಟು, ಹೆದರಿದಾಗಿನದು,
ಮೂತ್ರಪಿಂಡದ ನೆತ್ತಿಯಿಂದ ಬರುವಂಥದ್ದು:
ಮೊದಲು ಜೀವ ಉಳಿಸಿಕೋ,
ಮಕ್ಕಳ ಮಾತು ಆಮೇಲೆ.
ಅದು ಮೇಲಿಂದ ಮೇಲೆ ಬಂದರೆ ಕುಲುಮೆ ಮಂಕು.

ಜಡಯ್ಯ ಬೆರಳ ಗೆಣ್ಣಿನಲ್ಲಿ ಹಿಂದಕ್ಕೆ ಎಣಿಸಿದ,
ಈ ಅಮಾಸೆ, ಆಚೆ ಅಮಾಸೆ, ಅದರಾಚೆಯ ವಾರ.
ಬೆರಳು ನಿಂತಿತು.
"ಲಾರಿ" ಅಂದ.

ಲಾರಿಯೇ.
ಘಾಟಿಯ ತಿರುವು ತಿರುವಿಗೂ ಗೊರಸು ಜಾರಿ
ಮೂಗುದಾರದಲ್ಲಿ ನೆತ್ತರು.
ಕೆಳಗೆ ಅಂದಿಯೂರಿನ ಬಿಸಿಲು, ತಗಡಿನ ಮಾಡು.
"ವಾ, ವಾ" ಎಂದು ಕರೆದರು ಕೊಟ್ಟಿಗೆಯವರು,
ಅದಕ್ಕೆ "ಬಾ" ಮಾತ್ರ ಗೊತ್ತು.
ಎಂಟು ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು.
ಆ ಎಂಟು ದಿನದಲ್ಲಿ ಶುರುವಾದವು ಇವು.
ಲಾರಿ ಇವಕ್ಕೆ ಗೊತ್ತಿಲ್ಲ,
ನಡುಕವನ್ನಷ್ಟೇ ತಂದಿವೆ.

ಹಾಗೇ ಕಳಿಸಲು ಮನಸ್ಸಾಗಲಿಲ್ಲ.
ಮಧ್ಯಾಹ್ನದ ಹೊತ್ತಿಗೆ ಬೇರೆ ಹೋರಿಯದೊಂದು ಹನಿ,
ಕಾವಿನಲ್ಲಿಟ್ಟು ಮಾಗಿಸಿದ್ದು,
ಗಾಜಿಗೆ ಹಾಕಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ.
"ಸಂತೆಗೆ ಹೊಂಟಂಗೆ ಹೊಂಟವೆ" ಅಂದ.
ಹಸುವಿನ ಒಳಗಾದರೆ ಹೀಗೆ ಹೋಗುವುದಿಲ್ಲ,
ಗೋಡೆಗೆ ಹಣೆ ಆನಿಸಿ ಕಾಯುತ್ತವೆ ಇರುಳೆಲ್ಲ,
ತತ್ತಿ ಇಳಿದು ಬಂದ ಸುಳಿವು ಸಿಗುವ ತನಕ.
ಆ ಸುಳಿವನ್ನು ಸೂಜಿಮೊನೆಯಷ್ಟು ಬಿಟ್ಟೆ, ಪ್ರೊಜೆಸ್ಟೆರಾನ್.
ಬಾಲದಲ್ಲಿ ಕಿರುಗದಗಳು ತೆರೆದು
ಅವನು ಎಲೆಗೆ ಹಚ್ಚುವ ಸುಣ್ಣದೊಳಗಿರುವುದೇ ಒಳನುಗ್ಗಿತು.
ಅದು ಕಾಣಿಸದು. ಕಂಡದ್ದು ಚಾಟಿ:
ನೆಟ್ಟಗೆ ಹೋಗುತ್ತಿದ್ದ ಬಾಲ
ಅಡ್ಡಡ್ಡ ಬೀಸಿ, ಬಳುಕಿ, ಬಾರಿಸಿ
ಬಲೆ ಹರಿಯುವ ಮೀನಾಯಿತು.

ಜಡಯ್ಯ ಉಸಿರು ಬಿಡಲಿಲ್ಲ.
"ಯಾರೋ ಕರೆದ್ರು ಇವನ್ನ."
"ತತ್ತಿ ಕರೆಯೋದು. ಇವತ್ತು ನಾನು."
"ಮೋಸ" ಎಂದು ನಕ್ಕ, ಕಣ್ಣು ಮಾತ್ರ ತೆಗೆಯಲಿಲ್ಲ.

ಆಮೇಲೆ ಕೊಟ್ಟಿಗೆಯ ಕಡೆಯಿಂದ ಅವನ ಕೂಗು ಕೇಳಿತು,
ಕಾಡಿನ ದೊಡ್ಡಿಯಲ್ಲಿ ಸಂಜೆ ಕೂಗುವಂಥದ್ದು,
ಅರ್ಧ ಮಾತು, ಅರ್ಧ ಗಂಟಲು.
ಕಿಟಕಿಯಿಂದ ಕಂಡದ್ದು ಇಷ್ಟು:
ಕೆಂಪು ಮೈಯ ಬಿಳಿ ಮಚ್ಚೆಗಳು ಒಮ್ಮೆ ಅದುರಿದವು,
ಒಂದು ಕಿವಿ ತಿರುಗಿತು.
ಸಗಣಿ ಹಾಕಿತು, ನಿರಾಳವಾಗಿ.

ಕಿವಿಯಿಂದ ಕುಲುಮೆಗೆ ಎಷ್ಟು ದೂರ, ಪುಸ್ತಕದಲ್ಲಿಲ್ಲ.
ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನಿಂದ ಎಪ್ಪತ್ತು ಎಣಿಸಿ
ಆ ಚೌಕದೊಳಗೆ ಬರೆದೆ,
ಸಂಖ್ಯೆ ಬಿಟ್ಟು, ಕನ್ನಡದಲ್ಲಿ:
ಮಚ್ಚೆಗಾರ.