ಒಂಬತ್ತು ಪೆಟ್ಟು

ಅಬ್ಬಾ, ಏನು ಸೆಕೆ ಎಂದು ಜುಲೈಯನ್ನು ಬೈಯುತ್ತಲೇ
ಇಡೀ ಊರು ಪಾಳು ಕೋಟೆಯ ಹುಲ್ಲಿಗೆ ಬಂದಿತ್ತು.
ಮಡಚುವ ಕುರ್ಚಿ, ಸ್ಟ್ರಾಬೆರಿ ಡಬ್ಬಿ,
ಇರಲಿ ಎಂದು ಒಂದೊಂದು ಕೊಡೆ.
ಶ್ರಾಪ್‌ಶರ್‌ನವರು ಆಕಾಶದ ಮಾತು ನಂಬುವುದಿಲ್ಲ.

ನಾನು ತಂದದ್ದು ಕಂಬಳಿಯೊಂದೇ.
ಹಾಸಿದ ಮೇಲೆ ಕಂಡಿತು,
ಎರಡು ಸಲ ಒಗೆದರೂ ಬಿಡದ ಕಂದು ಕೂದಲು
ನೇಯ್ಗೆಯೊಳಗೆ ಸಿಕ್ಕಿಕೊಂಡದ್ದು.
ಅದರ ಮೇಲೆ ಕೈಯೂರಿ ಕೂತೆ.

ನಾನೂರು ವರ್ಷ ಹಳೆಯ ನಗೆನಾಟಕ.
ಅಪ್ಪನಿಗೆ ಹೆದರಿ ಓಡಿಬಂದ ಹುಡುಗಿಯಾಗಿ
ನಮ್ಮ ಲೈಬ್ರರಿಯ ಟ್ಯಾಮ್ಸಿನ್, ಗಂಡುವೇಷದಲ್ಲಿ.
ಅಂಟಿಸಿದ ಮೀಸೆ ಬೆವರಿಗೆ ಒಂದು ಕಡೆ ಸಡಿಲಾಗಿ
ಪ, ಫ, ಬ ಬಂದಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು.
ಅವಳನ್ನು ಗಂಡಸೆಂದು ನಂಬಿದವರು
ಕೋಟೆಯಲ್ಲಿ ನಾಲ್ಕೇ ಮಂದಿ,
ನಾಟಕದೊಳಗಿನವರು.

"ಎಂಥ ಕಗ್ಗತ್ತಲೆ, ನನ್ನ ಕೈ ನನಗೇ ಕಾಣದು" ಎಂದು
ಪ್ರೇಮಿಯೊಬ್ಬ ತಡಕಾಡುವಾಗ
ಇಳಿಬಿಸಿಲು ನೇರ ಅವನ ಮುಖಕ್ಕೇ ಹೊಡೆಯುತ್ತಿತ್ತು.
ಕಣ್ಣು ಕಾಣಲಿಲ್ಲ ಎಂಬುದಂತೂ ಸುಳ್ಳಲ್ಲ.

ಆಮೇಲೆ ಪೊದೆಯ ಹಿಂದಿನಿಂದ
ಹೆಡ್ಡ ಸೇವಕ ಬಂದ.
ಎರಡು ಪತ್ರ, ಹತ್ತು ಜೇಬು,
ಯಾವುದು ಯಾರಿಗೆಂದು ಮರೆತ ತಲೆ,
ತಲೆಯ ಮೇಲೆ ಸೋರೆಬುರುಡೆಯಂಥ ಟೋಪಿ.
ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ:
"ಅಮ್ಮಾ, ಅದು ಡಾಕ್ಟರ್ ಪ್ರೋಬರ್ಟ್!
ನಮ್ಮ ಮೊಲಕ್ಕೆ ಸೂಜಿ ಚುಚ್ಚಿದವರು!"

ಹೌದು, ಅವರೇ.
ಮಂಗಳವಾರ ನನ್ನ ಅಡುಗೆಮನೆಯ ನೆಲದಲ್ಲಿ
ಇದೇ ಕಂಬಳಿಯ ಅಂಚಿಗೆ ಮೊಣಕಾಲೂರಿದವರು.
ಹದಿನಾಲ್ಕು ವರ್ಷದ ನಟ್‌ಮೆಗ್‌ನ ಮುಂಗಾಲಲ್ಲಿ
ಹೆಬ್ಬೆರಳಗಲ ರೋಮ ಬೋಳಿಸಿ,
ಸಿರಿಂಜನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ,
"ಈಗ" ಎಂದಷ್ಟೇ ಹೇಳಿದವರು.
ಬೇರೇನೂ ಹೇಳದ್ದಕ್ಕೆ ನಾನು ಋಣಿ.
ಬಿಲ್ಲು ಇನ್ನೂ ಬಂದಿಲ್ಲ.

ನಗಬಾರದು ಅಂದುಕೊಂಡೆ.
ಅದೇ ಕೈಗಳು ಜೇಬುಗಳಲ್ಲಿ ಪರದಾಡಿದವು,
ಕರವಸ್ತ್ರ, ಈರುಳ್ಳಿ, ಕಾಲುಚೀಲ, ಇನ್ನೊಂದು ಈರುಳ್ಳಿ,
ಪತ್ರ ಮಾತ್ರ ಇಲ್ಲ.
ಸಿಕ್ಕಿತು ಕೊನೆಗೆ. ಸೇರಬೇಕಾದವಳ ಬದಲು
ಅವಳ ಅತ್ತೆಯ ಮುಂದೆ ಮಂಡಿಯೂರಿ
ಎದೆಯುಬ್ಬಿಸಿ ಬಾಯಿ ತೆರೆದರು,

ಢಣ್.
ಸೇಂಟ್ ಮಿಲ್‌ಬರ್ಗಾ ಚರ್ಚಿನ ಗಡಿಯಾರ.
ಬಾಯಿ ಮುಚ್ಚಿದರು. ತೆರೆದರು.
ಢಣ್.
ಬೆರಳೆತ್ತಿದರು: ಎರಡು. ಮೂರು.
ಊರೆಲ್ಲ ಜೊತೆಗೆ ಎಣಿಸತೊಡಗಿತು.
ಐದಕ್ಕೆ ಒಂದು ಕೈ ಮುಗಿಯಿತು,
ಪತ್ರವನ್ನು ಹಲ್ಲಲ್ಲಿ ಕಚ್ಚಿ ಇನ್ನೊಂದು ಕೈ ಬಿಚ್ಚಿದರು,
ಆರು, ಏಳು,
ಎಂಟಕ್ಕೆ ನಾನು ನಕ್ಕೆ.
ತಟ್ಟೆ ಮುಚ್ಚಿದರೂ ಹಾಲು ಉಕ್ಕುವ ಹಾಗೆ
ಕಣ್ಣಿಂದ, ಮೂಗಿಂದ, ಎಲ್ಲೆಲ್ಲಿಂದಲೋ.
ಪಕ್ಕದ ಕುರ್ಚಿಯ ಮಾರ್ಜರಿ ಆನ್‌ಸ್ಲೋ
ಟಿಶ್ಯೂ ಚಾಚಿದಳು,
ಎಲ್ಲ ನಗುವಿನದೇ ನೀರು ಎಂದುಕೊಂಡು.
ಒಂಬತ್ತು.

ಮತ್ತೆ ಬಾಯಿ ತೆರೆದವರಿಗೆ ಮಾತೇ ಮರೆತಿತ್ತು.
ಯೂ ಮರದ ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು
ನದಿಯಾಚೆಗೂ ಕೇಳಿಸಿರಬೇಕು.

ಕೊನೆಯ ಅಂಕದಲ್ಲಿ ಮೀಸೆ ಕಳಚಿತು, ಈ ಸಲ ಬೇಕೆಂದೇ.
ಅಪ್ಪ ಕ್ಷಮಿಸಿದ. ಮೂರು ಮದುವೆ ಒಟ್ಟಿಗೇ ನಿಶ್ಚಯವಾದವು.
"ಅಗೋ, ಬೆಳಗಾಯಿತು!" ಎಂದು ಎಲ್ಲರೂ ಕೈ ತೋರಿದ ಕಡೆ
ಮುರಿದ ಗೋಡೆ ಇದ್ದಿಲಿನ ಹಾಗಿತ್ತು,
ಬಾವಲಿಯೊಂದು ಕತ್ತಲೆಗೆ ಹೊಲಿಗೆ ಹಾಕುತ್ತಿತ್ತು.
ನಾವು ತಲೆಯಾಡಿಸಿದೆವು. ಆಯಿತು, ಬೆಳಗಾಯಿತು.
ಅಷ್ಟು ಹೊತ್ತು ಕೂತವರಿಗೆ
ಅಷ್ಟು ಒಪ್ಪಿಕೊಳ್ಳುವುದು ದೊಡ್ಡದಲ್ಲ.

ಗೇಟಿನ ಬಳಿ ಬಕೆಟ್ ಹಿಡಿದು ನಿಂತಿದ್ದರು,
ಚರ್ಚಿನ ಚಾವಣಿ ರಿಪೇರಿಗೆ.
ಕೆನ್ನೆಯ ಕೆಂಪು ಕುತ್ತಿಗೆಗೆ ಇಳಿದಿತ್ತು.
ಐದು ಪೌಂಡು ಹಾಕಿದೆ.
ನನ್ನ ಹೆಗಲ ಮೇಲಿನ ಕಂಬಳಿಯನ್ನು ಗುರುತು ಹಿಡಿದರು,
ಏನೋ ಹೇಳಲು ಬಾಯಿ ತೆರೆದರು.

ನಾನು ಒಂದು ಬೆರಳು ಎತ್ತಿದೆ.
ಅವರು ಬಾಯಿ ಮುಚ್ಚಿ
ಎರಡು ಎತ್ತಿದರು.