ಇಪ್ಪತ್ತು ತೆತ್ರಿಗೆ ಒಂದು ತೂಕ

ದಿದುಬೆ ಮೆಟ್ರೋ ಬಾಗಿಲಲ್ಲಿ, ಸಾಕ್ಸು ಮಾರುವವಳ ಪಕ್ಕ
ನನ್ನ ಅಂಗಡಿ: ಒಂದು ಮಡಿಸುವ ಸ್ಟೂಲು,
ರಟ್ಟಿನ ಮೇಲೆ ಅಜ್ಜಿ ಬಿಟ್ಟುಹೋದ ತೂಕದ ಯಂತ್ರ.
ಹತ್ತಿ ಇಳಿದರೆ ಇಪ್ಪತ್ತು ತೆತ್ರಿ.

ಬರುವವರೆಲ್ಲ ಇಳಿಯಬೇಕೆಂದೇ ಹತ್ತುವವರು.
ಕೋಟು ಬಿಚ್ಚಿ, ಚೀಲ ನನ್ನ ಕೈಗಿತ್ತು,
ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು
(ಉಸಿರೂ ಎರಡು ಕಿಲೋ ಇದ್ದೀತೆಂಬಂತೆ)
ಮುಳ್ಳು ನೋಡುತ್ತಾರೆ, ಆಮೇಲೆ ನನ್ನನ್ನು:
‘ನಿನ್ನ ಹಾಗೆ ಇದ್ದಿದ್ದರೆ, ಒತಾರಿ!’

ನನ್ನ ಹಾಗೆ. ನಲವತ್ತೊಂಬತ್ತು.
ತಿಂದದ್ದು ಮೈಗೆ ಹತ್ತದೆ
ಎಲ್ಲೋ ದಾರಿಯಲ್ಲೇ ಇಳಿದುಹೋಗುತ್ತದೆ,
ಟಿಕೆಟ್ಟಿಲ್ಲದ ಪ್ರಯಾಣಿಕನಂತೆ.

ಇದು ನಗುವ ಮಾತಾಗಿತ್ತು,
ಉಪ್ಪಿನಕಾಯಿಯ ನಾಜಿಬ್ರೋಲಾ ಆಸ್ಪತ್ರೆ ಸೇರುವ ತನಕ.
ಅಜ್ಜಿ ಸತ್ತ ಚಳಿಗಾಲವೆಲ್ಲ
ತನ್ನ ಡಬ್ಬಿಯ ಹುರುಳಿಕಾಯಿ ಅರ್ಧ ನನಗೆ ಬಡಿಸಿದವಳು;
ಅದು ಒಳ್ಳೆಯದೋ ಕೆಟ್ಟದ್ದೋ ಎಂದು
ಒಂದು ದಿನವೂ ಹೇಳದೆ.
ಅವಳದು ಅಪರೂಪದ ರಕ್ತ. ನನ್ನದೂ ಅದೇ.

ಮೇಜಿನಾಚೆಯ ಹುಡುಗಿ ನನ್ನ ಮಣಿಕಟ್ಟು ನೋಡಿದಳು. ‘ತೂಕ?’
ಸುಳ್ಳಾಡಲಾರೆ, ಅದು ನನ್ನ ಕಸುಬು.
‘ನಲವತ್ತೊಂಬತ್ತು.’
‘ಐವತ್ತಾದ ಮೇಲೆ ಬಾ.’

ಒಂದು ಕಿಲೋ!
ಬಜಾರಿನಲ್ಲಿ ಕೈತಪ್ಪಿ ಬಿದ್ದ ಆಲೂಗಡ್ಡೆಯೇ ಅದಕ್ಕಿಂತ ಹೆಚ್ಚು.

ಸಾಕ್ಸಿನ ಲಾಮಾರಾ ಅಂದಳು: ‘ಹಂದಿಕೊಬ್ಬು, ಬೆಳ್ಳುಳ್ಳಿ ಉಜ್ಜಿದ ಬ್ರೆಡ್ಡು.
ನಮ್ಮಪ್ಪ ಅದರಲ್ಲೇ ತೊಂಬತ್ತೊಂದು ಮುಟ್ಟಿದ.’
‘ನಿಮ್ಮಪ್ಪ ಕುರಿ ಅಟ್ಟಿಕೊಂಡು ಬೆಟ್ಟ ಹತ್ತಿದ,
ಇವನು ಹತ್ತುವುದು ಮೆಟ್ರೋ ಮೆಟ್ಟಿಲು,
ಅದೂ ತಾನಾಗಿ ಚಲಿಸುವುದು’
ಎಂದಳು ಔಷಧದಂಗಡಿಯ ಕೇತೋ. ‘ಅಕ್ರೋಟು, ಮೊಸರು. ಕೊಬ್ಬು ಕೂಡದು.’
‘ಅಕ್ರೋಟು ಅಳಿಲಿಗೆ!’ ಟ್ಯಾಕ್ಸಿಯ ಗುರಾಮ್ ಕೂಗಿದ,
‘ಚೀಸು ತುಂಬಿದ ದೋಣಿರೊಟ್ಟಿ, ಮೇಲೊಂದು ಮೊಟ್ಟೆ, ಬೆಣ್ಣೆ, ದಿನಕ್ಕೆರಡು’;
ತನ್ನ ಬೂಟು ಯಾವ ಬಣ್ಣದ್ದೆಂದು
ನೋಡಿ ಅವನಿಗೆ ವರ್ಷಗಳಾಗಿವೆ.
ಸೂಟು ತೊಟ್ಟ ಗಿರಾಕಿಯೊಬ್ಬ ನಿಂತು
ಸಕ್ಕರೆ ವಿಷ, ಮೈದಾ ವಿಷ, ಉಪ್ಪೂ ವಿಷವೆಂದು ವಿವರಿಸಿ
ಸಿಗರೇಟು ಹೊತ್ತಿಸಿಕೊಂಡು ಹೋದ.

ಎಲ್ಲರ ಮಾತನ್ನೂ ತಿಂದೆ.
ಬೆಳಿಗ್ಗೆ ಕೊಬ್ಬು, ಮಧ್ಯಾಹ್ನ ದೋಣಿ, ರಾತ್ರಿ ಅಳಿಲು.
ನಾಲ್ಕನೆಯ ದಿನ ಹೊಟ್ಟೆ ಕೆಟ್ಟು ಅರ್ಧ ಕಿಲೋ ಇಳಿದೆ.
ವಾರದಲ್ಲಿ ಮತ್ತೆ ಅಲ್ಲಿಗೇ ಬಂದೆ: ನಲವತ್ತೊಂಬತ್ತು.
‘ಜಂತು’ ಎಂದಳು ಕೇತೋ.
‘ಪ್ರೀತಿ’ ಎಂದಳು ಲಾಮಾರಾ.
ಪಕ್ಕದಲ್ಲಿ ನಾಜಿಬ್ರೋಲಾಳ ಜಾಡಿಗಳು
ಹಳೇ ಪರದೆ ಹೊದ್ದು ಸುಮ್ಮನಿದ್ದವು.

ಕೊನೆಗೆ ಜೇಬಿನ ತುಂಬ ಚಿಲ್ಲರೆ ಸುರಿದುಕೊಂಡು ಹೋದೆ,
ಎರಡು ವಾರದ ಗಳಿಕೆ, ಊರವರ ತೂಕವೆಲ್ಲ ನನ್ನ ತೊಡೆಗೆ ಬಡಿಯುತ್ತ.
‘ಹತ್ತು’ ಎಂದಳು ಹುಡುಗಿ, ಆಸ್ಪತ್ರೆಯ ಯಂತ್ರ ತೋರಿಸಿ.
ಒಂದು ಕಾಲು ಇಟ್ಟವನು ಇಳಿದೆ.
ಚಿಲ್ಲರೆಯನ್ನೆಲ್ಲ ತೆಗೆದು ಅವಳ ಮೇಜಿನ ಮೇಲಿಟ್ಟೆ.
ಅವಳು ಏನೂ ಕೇಳಲಿಲ್ಲ.

ಐವತ್ತೂವರೆ.

‘ಇದು ಸರಿಯಿಲ್ಲ’ ಎಂದೆ, ಕಸುಬುದಾರನ ಗತ್ತಿನಲ್ಲಿ.
‘ಮೊನ್ನೆ ತಾನೇ ಮುದ್ರೆ ಒತ್ತಿ ಹೋಗಿದ್ದಾರೆ. ತೋಳು ಕೊಡು.’

ರಾತ್ರಿ ಮನೆಯಲ್ಲಿ ಅಜ್ಜಿಯ ಯಂತ್ರ ಮಗುಚಿದೆ.
ಹೊಟ್ಟೆಯಡಿ ಒಂದು ಸಣ್ಣ ತಿರುಪು,
ಅಲುಗದಂತೆ ಅದಕ್ಕೆ ಮೆತ್ತಿದ ಕೆಂಪು ಉಗುರುಬಣ್ಣ.
ಹಬ್ಬಕ್ಕಷ್ಟೇ ಅವಳು ಹಚ್ಚುತ್ತಿದ್ದ ಬಣ್ಣ ಅದು.
ಗಿರಾಕಿ ನಗುತ್ತ ಇಳಿಯಬೇಕು, ಅನ್ನುತ್ತಿದ್ದಳು.
ಒಂದೂವರೆ ಕಿಲೋ ನಗು,
ಇಪ್ಪತ್ತು ವರ್ಷದಿಂದ, ಇಡೀ ದಿದುಬೆಗೆ.

ಸ್ಕ್ರೂಡ್ರೈವರ್ ಹಿಡಿದು ಬಹಳ ಹೊತ್ತು ಕೂತಿದ್ದೆ.

ಬೆಳಿಗ್ಗೆ ಮೊದಲ ಬೋಣಿಗೆ ಲಾಮಾರಾ.
ಕೋಟು ಬಿಚ್ಚಿದಳು, ಉಸಿರು ಬಿಟ್ಟಳು.
‘ಎಷ್ಟು?’
ಮುಳ್ಳು ಹೇಳಿದ್ದನ್ನೇ ಹೇಳಿದೆ.
ನಗುತ್ತ ಇಳಿದಳು.
‘ಚೀಲ ನೀನೇ ಇಟ್ಟುಕೋ’ ಎಂದಳು, ‘ಹಂದಿಕೊಬ್ಬು ಇದೆ.
ರಕ್ತ ಕೊಟ್ಟವನು ಅಳಿಲಿನ ತಿಂಡಿ ತಿನ್ನಬಾರದು.’