ನೂರ ನಲವತ್ತರಿಂದ ವಯಸ್ಸು ಕಳೆ

ಪ್ರಶ್ನೆಪತ್ರಿಕೆಯ ರೋಗಿ ಯಾವಾಗಲೂ ಎಪ್ಪತ್ತು ಕಿಲೋ.
ಅವನಿಗೊಂದು ವಯಸ್ಸಿರುತ್ತದೆ, ಅನುಮಾನವಿಲ್ಲದ್ದು.
ರಕ್ತದ ವರದಿ ಹೊತ್ತಿಗೆ ಸರಿಯಾಗಿ ಬಂದಿರುತ್ತದೆ,
ಬೇಕಾದ ಔಷಧಿ ಫ್ರಿಜ್ಜಿನಲ್ಲಿ ಇದ್ದೇ ಇರುತ್ತದೆ,
ನಾಲ್ಕು ಉತ್ತರಗಳಲ್ಲಿ ಒಂದು
ಅವನನ್ನು ಉಳಿಸಿಯೇ ಉಳಿಸುತ್ತದೆ.

ನಲವತ್ತಾರಕ್ಕೆ ಮತ್ತೆ ಪರೀಕ್ಷೆಗೆ ಕೂತಿದ್ದೇನೆ.
ಗಾಡಿಕೊಪ್ಪದ ಬಾಡಿಗೆ ಮನೆ, ಊಟದ ಮೇಜು,
ಈ ತುದಿಗೆ ನಾನು, ಆ ತುದಿಗೆ ಪಿಯುಸಿ ಇಂಚರ.
ಅವಳ ಚೀಟಿಗಳ ಜೊತೆ ನನ್ನವೂ ಅವಳ ಕೈಯಲ್ಲೇ:
'ಅಮ್ಮಾ, ಕಿಡ್ನಿ ಸೂತ್ರ ಹೇಳು.'
ಒಗ್ಗರಣೆ ಸೌಟು ಹಿಡಿದೇ ಮಗ್ಗಿಯ ಹಾಗೆ ಒಪ್ಪಿಸುತ್ತೇನೆ:
ನೂರ ನಲವತ್ತರಿಂದ ವಯಸ್ಸು ಕಳೆ,
ತೂಕದಿಂದ ಗುಣಿಸು,
ಕ್ರಿಯಾಟಿನಿನ್ನನ್ನು ಎಪ್ಪತ್ತೆರಡು ಪಟ್ಟು ಮಾಡಿ ಅದರಿಂದ ಭಾಗಿಸು,
ಹೆಂಗಸಾದರೆ ಕೊನೆಗೆ
ಸೊನ್ನೆ ಬಿಂದು ಎಂಟು ಐದರಿಂದ ಗುಣಿಸು.

'ಹೆಂಗಸಾದರೆ ಯಾಕೆ?'
ಮಾಂಸಖಂಡ ಕಡಿಮೆ ಕಣೇ, ಎಂದೆ.
ಇದನ್ನು ಹೇಳಲಿಲ್ಲ: ಇಪ್ಪತ್ತು ವರ್ಷದಿಂದ ನನ್ನ ಸಂಬಳವನ್ನೂ
ಯಾರೋ ಅದೇ ಅಂಕಿಯಿಂದ ಗುಣಿಸುತ್ತಿದ್ದಾರೆ,
ಕಾರಣ ಮಾತ್ರ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ರಾತ್ರಿ ಪಾಳಿ. ಔಷಧಿ ಕಿಟಕಿಯ ಹಿಂದೆ
ಫೋನಿನಲ್ಲಿ ಪಾಠ. ಗಂಟೆಗೊಂದು ಅಂಕ.
ಬೋಧಕರ ಊರಲ್ಲಿ ಈಗ ಮಧ್ಯಾಹ್ನ,
ಅವರ ತುಟಿ ನಿಲ್ಲುತ್ತದೆ, ಒಂದು ಬಳೆ ಗಿರಗಿರ ತಿರುಗುತ್ತದೆ,
ಮತ್ತೆ ತುಟಿ.
ಅಷ್ಟರಲ್ಲಿ ಗ್ಲಾಡಿಸ್ ಸಿಸ್ಟರ್:
'ಏಳನೇ ಬೆಡ್ಡು, ಮೇಡಂ. ವ್ಯಾಂಕೋಮೈಸಿನ್. ಒಂದ್ಸಲ ನೋಡ್ತೀರಾ?'

ಕೆರಿಯಪ್ಪ. ಆಯನೂರು ಕಡೆ. ರಕ್ತಕ್ಕೆ ನಂಜೇರಿದೆ,
ಮೈ ಬಾತು ಬೆರಳಿನ ಉಂಗುರ ಕತ್ತರಿಸಿ ತೆಗೆದಿದ್ದಾರೆ.
ಮಂಚ ಅರವತ್ತೊಂದು ಕಿಲೋ ಅನ್ನುತ್ತದೆ.
ಅದರಲ್ಲಿ ಅವರೆಷ್ಟು, ನಾವು ಹನಿಸಿದ ನೀರೆಷ್ಟು?

ಬಾಗಿಲಾಚೆ ಚೌಡಮ್ಮ, ಮಡಿಲಲ್ಲಿ ಫ್ಲಾಸ್ಕು.
'ಶುಂಠಿ ತೂಗೋ ಕಾಟಾದ ಮೇಲೆ ಹುಡುಗರು
ತಮಾಷೆಗೆ ನಿಲ್ಸಿದ್ರು. ನಲವತ್ತೊಂಬತ್ತು ಬಂತು.
ನೀ ಒಂದು ಚೀಲಕ್ಕೂ ಸಾಲಲ್ಲ ಮಾರಾಯ ಅಂತ ನಕ್ರು.'

ವಯಸ್ಸು?
ಆಧಾರ್ ಕಾರ್ಡಿನಲ್ಲಿ ಜನವರಿ ಒಂದನೇ ತಾರೀಕು, ಐವತ್ತೆಂಟು.
'ಅದು ಅವ್ರು ಬರ್ಕೊಂಡಿದ್ದು.
ಲಿಂಗನಮಕ್ಕಿ ನೀರು ಏರಿ ಊರು ಬಿಟ್ಟಾಗ
ಇವರು ನಮ್ಮತ್ತೆ ಕಂಕುಳಲ್ಲಿದ್ರಂತೆ.
ಎರಡು ಹಲ್ಲು ಬಂದಿತ್ತಂತೆ.'

ನೀರು ಯಾವ ವರ್ಷ ಏರಿತು, ಹಲ್ಲು ಯಾವ ತಿಂಗಳಿಗೆ ಬರುತ್ತದೆ,
ಬಿಲ್ಲಿನ ಹಿಂಬದಿಯಲ್ಲಿ ಗೀಚಿ ಗೀಚಿ
ಅರವತ್ತೊಂದಕ್ಕೆ ಬಂದು ನಿಂತೆ.
ಕಾರ್ಡಿನ ಪ್ರಕಾರ ಇಪ್ಪತ್ತಾರೂವರೆ. ಹಲ್ಲಿನ ಪ್ರಕಾರ ಇಪ್ಪತ್ತೈದೂವರೆ.
ಮೂರು ವರ್ಷ ಹಿನ್ನೀರಿನಲ್ಲಿ ಮುಳುಗಿದ್ದಕ್ಕೆ
ಮೂತ್ರಪಿಂಡ ಕೊಡುವ ಬೆಲೆ ಬರೀ ಒಂದು.
ಅದಲ್ಲದೆ, ಕ್ರಿಯಾಟಿನಿನ್ ದಿನಕ್ಕೊಂದು ಮೆಟ್ಟಿಲು ಹತ್ತುವಾಗ
ಈ ಸೂತ್ರವನ್ನೇ ನಂಬಬೇಡಿ ಅಂದದ್ದು
ಅದೇ ಪಾಠದ ಅದೇ ತುಟಿ.

ಆಮೇಲೆ ಕಂಡಿತು: ಹೊಸ ಡಾಕ್ಟರು, ಕಿಡ್ನಿಗೆ ಹೆದರಿ,
ಮೊದಲನೇ ಡೋಸನ್ನೇ ಅರ್ಧ ಮಾಡಿದ್ದಾರೆ.
ಹೋದ ವಾರ ಅಭ್ಯಾಸ ಪರೀಕ್ಷೆಯ ಮೂವತ್ತೊಂದನೇ ಪ್ರಶ್ನೆ.
ನಾನೂ ಅರ್ಧ ಅಂತಲೇ ಒತ್ತಿದ್ದೆ. ಕೆಂಪಗೆ ಗುಣಿಸು ಗುರುತು.
ಫೋನೆತ್ತಿದೆ. 'ಮೊದಲನೆಯದು ಪೂರ್ತಿ ಹೋಗಲಿ ಡಾಕ್ಟ್ರೇ.
ಕಿಡ್ನಿ ಕೇಳೋದು ಎರಡನೆಯದರಿಂದ.'
ಆ ಕಡೆ ಸ್ವಲ್ಪ ಹೊತ್ತು ಬರೀ ವೆಂಟಿಲೇಟರ್ ಸದ್ದು.
'ಸರಿ ಮೇಡಂ.'

ಹಾಳೆಯಲ್ಲಿ ವಯಸ್ಸಿನ ಕಾಲಂ ಚಿಕ್ಕದು. ಆದರೂ ಬರೆದೆ:
ಆಧಾರ್, ಐವತ್ತೆಂಟು.
ಅರವತ್ತೊಂದು. ಆಧಾರ: ಚೌಡಮ್ಮ.

ತಿರುಗಿ ಬಂದರೆ ಫೋನಿನಲ್ಲಿ ಒಂದು ಸಾಲು:
ತುಂಬ ಹೊತ್ತಿನಿಂದ ನೀವಿಲ್ಲಿ ಇದ್ದಂತಿಲ್ಲ,
ಅಂಕ ಕೊಡಲಾಗದು, ಪಾಠವನ್ನು ಮೊದಲಿನಿಂದ ನೋಡಿ.
ನೋಡಿದೆ. ಐದೂವರೆಗೆ ಗ್ಲಾಡಿಸ್ ಮತ್ತೆ,
ಈ ಸಲ ಏನೂ ಕೇಳದೆ, ಏಳನೇ ಬೆಡ್ಡಿನ ಮೂತ್ರದ ಅಳತೆ ಮಾತ್ರ ಹೇಳಿ ಇಟ್ಟಳು.
ನಲವತ್ತು ಎಂಎಲ್.
ಕಿಟಕಿಯಾಚೆ ಚೌಡಮ್ಮ ಫ್ಲಾಸ್ಕು ಅಲ್ಲಾಡಿಸಿ ನೋಡುತ್ತಿದ್ದರು,
ಒಳಗೆ ಇನ್ನೆಷ್ಟು ಉಳಿದಿದೆ ಎಂದು.